ಸಿಲ್ವೆರಾಡೊ 5.3ಗೆ ಕ್ಯಾಟ್‌ಬ್ಯಾಕ್ ಎಕ್ಸಾಸ್ಟ್: ಹೈವೇಲಿ ತಲೆನೋವು ಬರದ ಹಾಗೆ ಯಾವುದು ಆರಿಸೋದು?

ಕೊಲಂಬಸ್_ಕನ್ನಡಿಗ

ಗಾಡಿ 2020ರ ಶೆವ್ರೊಲೆ ಸಿಲ್ವೆರಾಡೊ 1500 ಪಿಕಪ್. ಕ್ಯಾಟ್‌ಬ್ಯಾಕ್ ಎಕ್ಸಾಸ್ಟ್, ಅಂದ್ರೆ ಹೊಗೆ ಶುದ್ಧ ಮಾಡೋ ಕನ್ವರ್ಟರ್‌ನ ಹಿಂದಿನ ಪೈಪು, ಮಫ್ಲರು (ಸೈಲೆನ್ಸರ್), ಬದಲಾಯಿಸ್ಬೇಕು ಅಂತಿದೀನಿ. ಕ್ರೂ ಕ್ಯಾಬ್, ಶಾರ್ಟ್ ಬೆಡ್, 5.3 ಲೀಟರ್ ವಿ8 (ಡೈನಾಮಿಕ್ ಫ್ಯುಯೆಲ್ ಮ್ಯಾನೇಜ್‌ಮೆಂಟ್ ಇರೋದು, ಅಂದ್ರೆ ಪವರ್ ಬೇಡದಾಗ ಕೆಲವು ಸಿಲಿಂಡರ್ ತಾನೇ ಆಫ್ ಆಗುತ್ತೆ), 8 ಸ್ಪೀಡ್ ಗೇರ್‌ಬಾಕ್ಸ್, 3.23 ಆಕ್ಸಲ್ ಅನುಪಾತ, 32 ಇಂಚಿನ ಟೈರ್. ಇರೋದು ಒಹಾಯೊದಲ್ಲಿ, ಅಂದ್ರೆ ಚಳಿಗಾಲ ಪೂರ್ತಿ ರಸ್ತೆ ಮೇಲೆ ಉಪ್ಪು. ವಾರದಲ್ಲಿ ಐದು ದಿನ ಹೈವೇಲಿ 70 ಮೈಲಿ ವೇಗ, ಬೇಸಿಗೆಲಿ 5,000 ಪೌಂಡಿನ ಕ್ಯಾಂಪರ್ ಎಳೆಯೋದು.

ಸ್ಟಾರ್ಟ್ ಮಾಡಿದಾಗ, ಆಕ್ಸಿಲರೇಟರ್ ತುಳಿದಾಗ ವಿ8 ಅಂತ ಗೊತ್ತಾಗ್ಬೇಕು. ಕ್ರೂಸ್‌ನಲ್ಲಿ ಹಿಂದಿನ ಸೀಟಲ್ಲಿ ಮಗು ನಿದ್ದೆ ಮಾಡ್ಬೇಕು. ಎರಡೂ ಒಟ್ಟಿಗೆ ಸಾಧ್ಯನಾ?

ಕೇಳ್ಬೇಕಾಗಿರೋದು: ಪೈಪ್ 3 ಇಂಚಾ, 3.5 ಇಂಚಾ? ಅಲ್ಯುಮಿನೈಸ್ಡ್ ಸ್ಟೀಲಾ, 409 ಅಥವಾ 304 ಸ್ಟೇನ್‌ಲೆಸ್ಸಾ, ಯಾವ ಲೋಹ? ಎಂಜಿನ್ ನಾಲ್ಕು ಸಿಲಿಂಡರಿಗೆ ಇಳಿದಾಗ ಗುಂಯ್ ಅನ್ನುತ್ತೆ ಅಂತಾರಲ್ಲ, ಅದಕ್ಕೆ ಮದ್ದೇನು? ಚೆಕ್ ಎಂಜಿನ್ ಲೈಟು, ವಾರಂಟಿ ತೊಂದರೆ ಬರುತ್ತಾ?

---

ಹಳೇಸ್ಪ್ಯಾನರ್

ಕೊನೇ ಪ್ರಶ್ನೆ ಮೊದಲು ಮುಗಿಸೋಣ. ಈ ಗಾಡಿಲಿ ನಾಲ್ಕು ಆಕ್ಸಿಜನ್ ಸೆನ್ಸರ್‌ಗಳೂ ಕ್ಯಾಟಲಿಟಿಕ್ ಕನ್ವರ್ಟರ್‌ಗಳ ಆಸುಪಾಸಲ್ಲೇ, ಮುಂದುಗಡೆ ಇವೆ. ಕ್ಯಾಟ್‌ಬ್ಯಾಕ್ ಅಂದ್ರೆ ಅವುಗಳ ಹಿಂದಿನ ಭಾಗ ಮಾತ್ರ. ಲೀಕ್ ಇಲ್ದೆ ಕೂರಿಸಿದ್ರೆ ಲೈಟ್ ಹತ್ತೋಕೆ ಕಾರಣ ಇಲ್ಲ, ಎಂಜಿನ್ ಕಂಪ್ಯೂಟರ್ ಟ್ಯೂನ್ ಮಾಡ್ಸೋದೂ ಬೇಡ. ವಾರಂಟಿ ವಿಷಯದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಇದೆ: ನೀವು ಹಾಕಿದ ಪಾರ್ಟಿನಿಂದಲೇ ಕೆಟ್ಟಿದ್ದು ಅಂತ ಅವರು ತೋರಿಸ್ಬೇಕು, ಬರೀ ಪೈಪ್ ಬದಲಾಗಿದೆ ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ. ಕನ್ವರ್ಟರ್‌ಗೆ ಮಾತ್ರ ಕೈ ಹಾಕ್ಬೇಡಿ. ಅದನ್ನ ತೆಗೆಯೋದು ಫೆಡರಲ್ ಕಾನೂನಿಗೆ ವಿರುದ್ಧ, ಅದಕ್ಕಿರೋ 8 ವರ್ಷ, 80,000 ಮೈಲಿ ವಾರಂಟಿಯೂ ಕಳ್ಕೊತೀರಿ.

ಈಗ ಅಸಲಿ ವಿಷಯ. ಎಲ್ಲರೂ ವಿಡಿಯೊದಲ್ಲಿ ಟೈಲ್‌ಪೈಪ್ ಹತ್ರ ಮೈಕ್ ಇಟ್ಟ ಶಬ್ದ ಕೇಳಿ ಕೊಂಡ್ಕೊತಾರೆ. ಗಾಡಿ ಓಡಿಸೋರು ಟೈಲ್‌ಪೈಪಲ್ಲಿ ಕೂರಲ್ಲ. ಹೊರಗಿನ ಜೋರು ಬೇರೆ, ಕ್ಯಾಬಿನ್ ಒಳಗಿನ ಡ್ರೋನ್ (ಆ ಗುಂಯ್ ಅನ್ನೋ ಶಬ್ದ) ಬೇರೆ. ಒಂದೇ ಸ್ವರ ಎಡೆಬಿಡದೆ ನಿಂತಾಗ ಕ್ಯಾಬಿನ್ನೇ ಶ್ರುತಿಪೆಟ್ಟಿಗೆ ಆಗುತ್ತೆ. ಆ ಸ್ವರ ಯಾವುದು ಅಂತ ಕೊಳ್ಳೋ ಮೊದಲೇ ಲೆಕ್ಕ ಹಾಕ್ಬಹುದು.

70 ಮೈಲಿ × 3.23 × 0.65 (8ನೇ ಗೇರ್) × 336 (ಮೈಲಿ, ಇಂಚು ಹೊಂದಿಸೋ ಸ್ಥಿರ ಸಂಖ್ಯೆ) ÷ 32 ಇಂಚು = ಸುಮಾರು 1,540 ಆರ್‌ಪಿಎಂ. ವಿ8ನಲ್ಲಿ ಒಂದು ಸುತ್ತಿಗೆ ನಾಲ್ಕು ಸಲ ಫೈರಿಂಗ್. 1,540 ÷ 60 × 4 = 103 ಹರ್ಟ್ಜ್. ನಾಲ್ಕು ಸಿಲಿಂಡರಿಗೆ ಇಳಿದ್ರೆ ಅದರರ್ಧ, 51 ಹರ್ಟ್ಜ್. ಡೈನಾಮಿಕ್ ಸಿಸ್ಟಮ್‌ನಲ್ಲಿ ಒಟ್ಟು 17 ಫೈರಿಂಗ್ ವಿನ್ಯಾಸ ಇರೋದ್ರಿಂದ ಮಧ್ಯೆ ಬೇರೆ ಸ್ವರಗಳೂ ಬಂದು ಹೋಗ್ತವೆ, ಆದ್ರೆ ತಲೆ ತಿನ್ನೋದು ಹೆಚ್ಚಾಗಿ ಈ ತಗ್ಗಿನ ಕಡೆಯದ್ದೇ. ಕಂಪನಿಯವರು ಅಷ್ಟು ದೊಡ್ಡ ಡೋಲಿನಂಥ ಮಫ್ಲರ್ ಇಟ್ಟಿರೋದು ಸುಮ್ನೆ ಅಲ್ಲ. 51 ಹರ್ಟ್ಜ್ ಅಡಗಿಸೋಕೆ ಒಳಗೆ ಜಾಗ ಬೇಕು. ಅದನ್ನ ಕಿತ್ತು 14 ಇಂಚಿನ ಸಣ್ಣ ಸ್ಟ್ರೈಟ್-ಥ್ರೂ ಹಾಕಿದ್ರೆ ಮೇಲಿನ ಸ್ವರ ಅಷ್ಟೇ ಹೀರ್ಕೊಳ್ಳುತ್ತೆ, ತಗ್ಗಿನದು ಹಾಗೇ ಸೀದಾ ಹೋಗುತ್ತೆ.

ಹಾಗಾಗಿ ಆರಿಸೋವಾಗ ಮಫ್ಲರ್ ಒಳಗೇನಿದೆ ನೋಡಿ. ತೂತಿನ ಕೊಳವೆ ಸುತ್ತ ಫೈಬರ್ ತುಂಬಿದ ಸ್ಟ್ರೈಟ್-ಥ್ರೂ (ಬೋರ್ಲಾ, ಮ್ಯಾಗ್ನಾಫ್ಲೋ ಕಂಪನಿಯವು ಈ ಜಾತಿ) ಉದ್ದ ಇದ್ದಷ್ಟೂ ಒಳ್ಳೇದು, 24 ಇಂಚಿನ ಒಳಗಿಂದು ನಿಮಗೆ ಬೇಡ. ತಗಡಿನ ಗೋಡೆ ಇರೋ ಚೇಂಬರ್ಡ್ (ಫ್ಲೋಮಾಸ್ಟರ್‌ನ ಹಳೇ ಶೈಲಿ) ಹಳೇ ಮಸಲ್ ಕಾರಿನ ಗಡುಸು ದನಿ ಕೊಡುತ್ತೆ, ಆದ್ರೆ ಸಣ್ಣ ಡಬ್ಬಿಯಾದ್ರೆ ಕ್ರೂಸ್‌ನಲ್ಲಿ ಗುಂಯ್ ಗ್ಯಾರಂಟಿ. ಮೂರನೇದು, ಶಬ್ದವನ್ನ ಶಬ್ದದಿಂದಲೇ ಕಡಿಯೋ ಪಕ್ಕದ ಕೋಣೆಗಳಿರೋದು. ಕೋರ್ಸಾ ಕಂಪನಿಯವರ ಆರ್‌ಎಸ್‌ಸಿ ಮಫ್ಲರ್ ಈ ತತ್ವದ್ದು. ನಿಮ್ಮ ಬಳಕೆಗೆ ನನ್ನ ಓಟು ಇದಕ್ಕೆ. ದುಡ್ಡು ಜಾಸ್ತಿ ಆಯ್ತು ಅಂದ್ರೆ ಉದ್ದನೆ ಸ್ಟ್ರೈಟ್-ಥ್ರೂ ಜೊತೆ ಒಂದು ರೆಸೊನೇಟರ್ (ಶಬ್ದ ತಗ್ಗಿಸೋ ಇನ್ನೊಂದು ಡಬ್ಬಿ). ಬೋರ್ಲಾದಲ್ಲೇ ಹೋಗೋದಾದ್ರೆ ಎಸ್-ಟೈಪ್ ಸಾಕು. ಎಟಿಎಕೆ ಇನ್ನೂ ಜೋರಿನದು, ಮಗು ಎದ್ದೇಳುತ್ತೆ.

ಅಳತೆ: 355 ಹಾರ್ಸ್‌ಪವರ್‌ಗೆ 3 ಇಂಚು ಸಿಂಗಲ್ ಧಾರಾಳ. 3.5 ಇಂಚು ಅಂದ್ರೆ ವಿಸ್ತೀರ್ಣದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ದೊಡ್ಡದು, ಆದ್ರೆ ಮುಂದಿನ ವೈ-ಪೈಪು (ಎಂಜಿನ್ನಿನ ಎರಡೂ ಕಡೆ ಹೊಗೆ ಸೇರೋ ಪೈಪು) ಕಂಪನಿಯದ್ದೇ ಇರುವಾಗ ಹಿಂದೆ ಅಗಲ ಮಾಡಿ ಏನು ಬಂತು? ಶಬ್ದದ ಕಂಠ ತಗ್ಗುತ್ತೆ, ಡ್ರೋನ್ ಹತ್ರ ಬರುತ್ತೆ, ಅಷ್ಟೇ. ಪವರ್ ಆಸೆಗೆ ಕ್ಯಾಟ್‌ಬ್ಯಾಕ್ ಹಾಕೋದಾದ್ರೆ ಹಾಕ್ಬೇಡಿ, ಸೀಟಲ್ಲಿ ಕೂತು ಗೊತ್ತಾಗೋಷ್ಟು ಸಿಗಲ್ಲ.

ಆಮೇಲೂ ಡ್ರೋನ್ ಉಳಿದ್ರೆ ಜೆ-ಪೈಪ್ ಇದೆ: ಮುಖ್ಯ ಪೈಪಿಗೆ ಕವಲು ಹೊಡೆದು ತುದಿ ಮುಚ್ಚಿದ ಕೊಳವೆ. ಶಬ್ದ ಒಳಗೆ ಹೋಗಿ ತಿರುಗಿ ಬರೋ ಹೊತ್ತಿಗೆ ಉಲ್ಟಾ ಆಗಿ, ಅದೇ ಸ್ವರವನ್ನ ಹೊಡೆದು ಹಾಕುತ್ತೆ. ಉದ್ದ = ಶಬ್ದದ ವೇಗ ÷ (4 × ಸ್ವರ). 225 ಡಿಗ್ರಿ ಸೆಲ್ಸಿಯಸ್ ಹೊಗೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 447 ಮೀಟರ್. 103 ಹರ್ಟ್ಜ್‌ಗೆ 1.08 ಮೀಟರ್, ಅಂದ್ರೆ 43 ಇಂಚು. ಚಾಸಿ ಪಕ್ಕ ಹಿಡಿಸುತ್ತೆ. 51 ಹರ್ಟ್ಜ್‌ಗೆ ಅದರ ಎರಡರಷ್ಟು, 7 ಅಡಿ ಮೇಲೆ. ಅದನ್ನ ಎಲ್ಲಿ ಇಡ್ತೀರಿ? ಅದಕ್ಕೇ ಹೇಳಿದ್ದು, ನಾಲ್ಕು ಸಿಲಿಂಡರ್ ಡ್ರೋನನ್ನ ಮಫ್ಲರ್ ಆರಿಸೋವಾಗಲೇ ನೋಡ್ಕೋಬೇಕು. ಇಲ್ಲಾಂದ್ರೆ ಒಬಿಡಿ ಪೋರ್ಟಿಗೆ (ಡ್ಯಾಶ್ ಕೆಳಗೆ ಸ್ಕ್ಯಾನರ್ ಹಾಕೋ ಪ್ಲಗ್) ಸಿಲಿಂಡರ್ ಆಫ್ ಆಗದ ಹಾಗೆ ತಡೆಯೋ ಡಿಸೇಬಲರ್ ಸಿಕ್ಕಿಸಿ ಎಂಟೂ ಸಿಲಿಂಡರ್ ಓಡಿಸ್ಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ.

---

ಬೆಸುಗೆ_ಬಿಂದು

ಮೇಲಿನವರ ಲೆಕ್ಕ ಸರಿ, ಒಂದು ತಿದ್ದುಪಡಿ. ಜೆ-ಪೈಪ್ ಒಳಗೆ ಹೊಗೆ ಹರಿಯಲ್ಲ, ನಿಂತಿರುತ್ತೆ. ಅದಕ್ಕೆ ಮುಖ್ಯ ಪೈಪಿಗಿಂತ ತಣ್ಣಗೆ. 120 ಡಿಗ್ರಿ ಅಂತ ಇಟ್ಕೊಂಡ್ರೆ ಶಬ್ದದ ವೇಗ 397ಕ್ಕೆ ಇಳಿಯುತ್ತೆ, ಉದ್ದ 38 ಇಂಚಿಗೆ ಬರುತ್ತೆ. 43ಕ್ಕೆ ಕಡಿದು ಮುಚ್ಚಿ ಬೆಸೆದ್ರೆ 103 ಅಲ್ಲ, 91 ಹರ್ಟ್ಜ್ ಹಿಡಿಯೋ ಕೊಳಲು ಮಾಡಿದ ಹಾಗೆ. ಸರಿಯಾದ ಕ್ರಮ: 44 ಇಂಚು ಇಟ್ಟು, ತುದಿಗೆ ಕ್ಲ್ಯಾಂಪ್‌ನಲ್ಲಿ ಕೂರೋ ಮುಚ್ಚಳ ಹಾಕಿ, ಓಡಿಸಿ, ಇಂಚು ಇಂಚಾಗಿ ಕಡೀತಾ ಬನ್ನಿ. ಫೋನಲ್ಲಿ ಸ್ಪೆಕ್ಟ್ರಮ್ ತೋರಿಸೋ ಆ್ಯಪ್ ಹಾಕಿ 70ರಲ್ಲಿ ಪಕ್ಕದ ಸೀಟಲ್ಲಿರೋರು ನೋಡ್ಲಿ. ಯಾವ ಸ್ವರದ ಗೋಪುರ ಎದ್ದಿದೆ ಕಾಣುತ್ತೆ. ಅದು ತಗ್ಗಿದ ಮೇಲೆ ಬೆಸೆಯೋದು. ಕವಲು ಮುಖ್ಯ ಪೈಪಿನಷ್ಟೇ ದಪ್ಪ ಇರ್ಲಿ. ಟೈಲ್‌ಪೈಪ್ ಬಾಯಿ ಹತ್ರ ಹಾಕಿದ್ರೆ ಪ್ರಯೋಜನ ಇಲ್ಲ, ಅಲ್ಲಿ ಒತ್ತಡದ ಏರಿಳಿತವೇ ಇರಲ್ಲ. ಇನ್ನೊಂದು, ಮುಚ್ಚಿದ ತುದಿ ಕವಲಿಗಿಂತ ಸ್ವಲ್ಪ ಮೇಲಿರ್ಬೇಕು. ಕೆಳಗಿದ್ರೆ ನೀರು ನಿಂತು ಒಳಗಿಂದ ತಿನ್ನುತ್ತೆ.

ಲೋಹದ ವಿಷಯ. ಒಹಾಯೊ ಉಪ್ಪಿಗೆ ಅಲ್ಯುಮಿನೈಸ್ಡ್ ಬೇಡ. ಮೇಲಿನ ಅಲ್ಯುಮಿನಿಯಂ ಲೇಪ ಬೆಸೆದ ಕಡೆಯೆಲ್ಲಾ ಸುಟ್ಟು ಹೋಗಿರುತ್ತೆ, ತುಕ್ಕು ಅಲ್ಲಿಂದಲೇ ಶುರು. ಚಳಿಗಾಲದಲ್ಲಿ ಐದು ನಿಮಿಷ ಓಡಿಸಿ ನಿಲ್ಲಿಸೋ ಗಾಡಿಯಾದ್ರೆ ಒಳಗಿನ ತೇವ ಆರೋದೇ ಇಲ್ಲ, ಎರಡೂ ಕಡೆಯಿಂದ ತಿಂತದೆ. 409ರಲ್ಲಿ ಕ್ರೋಮಿಯಂ ಶೇ 11ರಷ್ಟು. ಮೇಲೆ ಕಂದು ಬಣ್ಣ ಬಂದು ನೋಡೋಕೆ ಹಾಳಾಗುತ್ತೆ, ತೂತು ಬೀಳೋದು ತಡ. 304ರಲ್ಲಿ ಕ್ರೋಮಿಯಂ 18, ನಿಕಲ್ 8. ಗಾಡಿ ಏಳೆಂಟು ವರ್ಷ ಇಟ್ಕೊಳ್ಳೋದಾದ್ರೆ ಇದೇ, ಮೂರು ವರ್ಷಕ್ಕೆ ಮಾರೋದಾದ್ರೆ 409 ಸಾಕು. ಎಂಬಿಆರ್‌ಪಿ ಕಂಪನಿಯಲ್ಲಿ ಮೂರೂ ಲೋಹದಲ್ಲಿ ಸಿಗೋದ್ರಿಂದ ಪಾರ್ಟ್ ನಂಬರ್ ಸರಿಯಾಗಿ ನೋಡಿ. ಬರೀ «ಸ್ಟೇನ್‌ಲೆಸ್» ಅಂತ ಬರೆದಿದ್ರೆ ಮ್ಯಾಗ್ನೆಟ್ ಹಿಡಿದು ನೋಡಿ: 409ಕ್ಕೆ ಗಟ್ಟಿ ಅಂಟುತ್ತೆ, 304ಕ್ಕೆ ಅಂಟಲ್ಲ. ಟಿಪ್ (ಹೊರಗೆ ಕಾಣೋ ಪೈಪಿನ ತುದಿ) ಮಾತ್ರ 304 ಇಟ್ಟು ಒಳಗೆಲ್ಲಾ 409 ಇರೋ ಕಿಟ್‌ಗಳೂ ಇವೆ, ಹಾಗಾಗಿ ಮಫ್ಲರ್ ಮೈಗೂ ಹಿಡೀರಿ.

304 ಬಿಸಿಗೆ ಜಾಸ್ತಿ ಹಿಗ್ಗುತ್ತೆ ಅನ್ನೋದೂ ಗೊತ್ತಿರ್ಲಿ. 3 ಮೀಟರ್ ಉದ್ದ, 250 ಡಿಗ್ರಿ ಏರಿದ್ರೆ ಹತ್ತಿರ ಹತ್ತಿರ 13 ಮಿಲಿಮೀಟರ್. ತಣ್ಣಗಿದ್ದಾಗ ಬಂಪರ್‌ಗೆ ತಾಗೋ ಹಾಗೆ ಚೆಂದ ಕಾಣ್ಲಿ ಅಂತ ಟಿಪ್ ಕೂರಿಸಿದ್ರೆ, ಬಿಸಿಯಾದಾಗ ಪ್ಲಾಸ್ಟಿಕ್ ಕರಗಿಸುತ್ತೆ.

---

ಕೊಲಂಬಸ್_ಕನ್ನಡಿಗ

ತುಂಬಾ ಉಪಯೋಗ ಆಯ್ತು. 3 ಇಂಚು ಸಿಂಗಲ್, 304, ಪಕ್ಕದ ಕೋಣೆ ಇರೋ ಮಫ್ಲರ್ ಅಂತ ತೀರ್ಮಾನ. ಬಾಯಿ ಹಿಂದಿನ ಚಕ್ರದ ಮುಂದೆ ಇರ್ಬೇಕಾ, ಹಿಂದೆನಾ? ಜ್ಯಾಕ್ ಸ್ಟ್ಯಾಂಡ್ ಮೇಲೆ ಮನೇಲೇ ಹಾಕೋಕೆ ಆಗುತ್ತಾ?

---

ನಟ್ಟುಬೋಲ್ಟು

ಚಕ್ರದ ಹಿಂದೆ, ಪಕ್ಕಕ್ಕೆ ತಿರುಗಿರೋದು. ಚಕ್ರದ ಮುಂದೆ ಬಿಟ್ರೆ ಹಿಂದಿನ ಸೀಟಿನ ಕಿವಿಗೇ ಬಿಟ್ಟ ಹಾಗೆ. ಬಂಪರ್ ನಡುವೆ ನೇರ ಹಿಂದಕ್ಕೆ ಬಿಟ್ರೆ ಕ್ಯಾಂಪರ್ ಮೂತಿಗೆ ಮಸಿ, ಟ್ರೈಲರ್ ವೈರಿಂಗ್‌ಗೆ ಬಿಸಿ.

ಆರ್ಡರ್ ಮಾಡೋ ಮೊದಲು ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ನೋಡಿ. ಕ್ರೂ ಕ್ಯಾಬ್ ಶಾರ್ಟ್ ಬೆಡ್ 147.4 ಇಂಚು, ಕ್ರೂ ಕ್ಯಾಬ್ ಸ್ಟ್ಯಾಂಡರ್ಡ್ ಬೆಡ್ 157. ವಾಪಸ್ ಬರೋ ಕಿಟ್‌ಗಳಲ್ಲಿ ಹೆಚ್ಚಿನವು ಈ ತಪ್ಪಿನವು, ಪೈಪು ಹತ್ತು ಇಂಚು ಗಿಡ್ಡ ಅಥವಾ ಉದ್ದ.

ಮನೇಲಿ ಆಗುತ್ತೆ, ಇಬ್ಬರು ಬೇಕು. ಹಿಂದಿನ ರಾತ್ರಿ ಮುಂದಿನ ಜಾಯಿಂಟಿನ ನಟ್ಟುಗಳಿಗೆ ತುಕ್ಕು ಸಡಿಲಿಸೋ ಪೆನಿಟ್ರೇಟಿಂಗ್ ಆಯಿಲ್ ಹೊಡೆದಿಡಿ. ಪೈಪ್ ನೇತು ಹಾಕಿರೋ ಹ್ಯಾಂಗರ್ ರಬ್ಬರ್‌ಗೆ ಮಾತ್ರ ಅದನ್ನ ಹೊಡೀಬೇಡಿ, ರಬ್ಬರ್ ಊದುತ್ತೆ. ಅದಕ್ಕೆ ಸೋಪು ನೀರು ಇಲ್ಲಾ ಸಿಲಿಕೋನ್ ಸ್ಪ್ರೇ. ಹಳೇ ಸಿಸ್ಟಮ್ ಆಕ್ಸಲ್ ಮೇಲೆ ಬಳಸಿ ಹೋಗಿರೋದ್ರಿಂದ ಇಡಿಯಾಗಿ ಹೊರಗೆ ಬರಲ್ಲ, ಕಡೀಬೇಕು. ಬಾಗಿದ ಕಡೆ ಕಡೀಬೇಡಿ, ಮಫ್ಲರ್ ಹಿಂದೆ ನೇರ ಇರೋ ಕಡೆ ಕಡೀರಿ. ಮುಂದೆ ಮಾರೋವಾಗ ಒಂದು ಸ್ಲೀವ್ ಹಾಕಿ ಹಳೇದನ್ನೇ ಜೋಡಿಸ್ಬಹುದು. ಸ್ಪೇರ್ ಟೈರ್ ಇಳಿಸಿಟ್ರೆ ಕೈ ಆಡುತ್ತೆ.

ಹೊಸದನ್ನ ಮುಂದಿನಿಂದ ಹಿಂದಕ್ಕೆ, ಎಲ್ಲಾ ಕ್ಲ್ಯಾಂಪ್ ಸಡಿಲ ಇಟ್ಟು ಜೋಡಿಸಿ. ಎಲ್ಲರೂ ಎಡವೋದು ಇಲ್ಲೇ: ಮೊದಲನೇದನ್ನೇ ಬಿಗಿ ಮಾಡಿಬಿಡ್ತಾರೆ. ಮುಂದೆ ಅರ್ಧ ಡಿಗ್ರಿ ತಿರುಗಿದ್ದು ಹಿಂದೆ ಟಿಪ್‌ನಲ್ಲಿ ಒಂದು ಇಂಚು ಸೊಟ್ಟ ಆಗಿ ಕಾಣುತ್ತೆ. ಒಂದು ಪೈಪ್ ಇನ್ನೊಂದರೊಳಗೆ 1.5ರಿಂದ 2 ಇಂಚು ಹೋಗ್ಬೇಕು. ಎಷ್ಟು ಹೋಗಿದೆ ಅಂತ ಮಾರ್ಕರಲ್ಲಿ ಗೆರೆ ಎಳ್ಕೊಳ್ಳಿ. ಹೊರಗಿನ ಪೈಪಿನ ಸೀಳು ಪೂರ್ತಿ ಕ್ಲ್ಯಾಂಪ್ ಅಡಿಗೆ ಬರ್ಬೇಕು, ಕೂದಲೆಳೆ ಹೊರಗಿದ್ರೂ ಅಲ್ಲಿ ಪುಸ್ ಅನ್ನುತ್ತೆ. ಸುತ್ತಮುತ್ತ ಅರ್ಧ ಇಂಚು ಖಾಲಿ ಇರ್ಲಿ, ಬ್ರೇಕ್ ಲೈನ್, ಶಾಕ್, ಸ್ಪೇರ್ ಟೈರ್ ಹತ್ರ ಒಂದು ಇಂಚು. ಸ್ಟ್ಯಾಂಡ್ ಮೇಲೆ ಆಕ್ಸಲ್ ನೇತಾಡ್ತಿದ್ರೆ ಈ ಅಳತೆ ಸುಳ್ಳು ಹೇಳುತ್ತೆ. ಗಾಡಿ ಭಾರ ಆಕ್ಸಲ್ ಮೇಲೆ ಕೂತಿರುವಾಗ ನೋಡಿ. ಆಮೇಲೆ ಮುಂದಿನಿಂದ ಬಿಗಿ ಮಾಡ್ತಾ ಬನ್ನಿ. ಎಷ್ಟು ಬಿಗಿ ಅನ್ನೋ ಟಾರ್ಕ್ ಅಳತೆ ಕಿಟ್ ಜೊತೆ ಬಂದ ಹಾಳೇಲಿ ಇರುತ್ತೆ. ಇಂಪ್ಯಾಕ್ಟ್ ಗನ್ ಬೇಡ, ಸ್ಟೇನ್‌ಲೆಸ್ ಬೋಲ್ಟು ಸ್ಟೇನ್‌ಲೆಸ್ ನಟ್ಟಿಗೆ ಅಂಟಿ ಕೂತ್ಬಿಡುತ್ತೆ. ಹಾಗೆ ಅಂಟದಿರೋಕೆ ಆಂಟಿ-ಸೀಜ್ ಪೇಸ್ಟ್ ಒಂದು ಚೂರು ಸವರಿ.

ಲೀಕ್ ನೋಡೋಕೆ: ಎಂಜಿನ್ ಆಫ್, ತಣ್ಣಗಿದೆ. ವ್ಯಾಕ್ಯೂಮ್ ಕ್ಲೀನರ್‌ನ ಊದೋ ಕಡೆಯ ಪೈಪನ್ನ ಟಿಪ್‌ಗೆ ಬಟ್ಟೆ ಸುತ್ತಿ ಸಿಕ್ಕಿಸಿ, ಜಾಯಿಂಟಿಗೆಲ್ಲಾ ಸೋಪು ನೀರು ಚಿಮುಕಿಸಿ. ಗುಳ್ಳೆ ಎದ್ದ ಕಡೆ ಲೀಕು. ಮೊದಲ ಸಲ ಬಿಸಿಯಾದಾಗ ಹೊಗೆ, ವಾಸನೆ ಬರೋದು ತಯಾರಿಕೆಯ ಎಣ್ಣೆಯದು, ಗಾಬರಿ ಬೇಡ. 100 ಮೈಲಿ ಓಡಿಸಿ, ತಣ್ಣಗಾದ ಮೇಲೆ ಎಲ್ಲಾ ಕ್ಲ್ಯಾಂಪ್ ಮತ್ತೆ ನೋಡಿ.

ತಣ್ಣಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂದು ಬಿಸಿಯಾದ ಮೇಲೆ ನಿಂತ್ರೆ ಹೊಸ ಕಿಟ್ ಬೈಬೇಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಕೂತಿರೋ ಮೊದಲ ಹೊಗೆ ಕೊಳವೆ) ಹಿಂದಿನ ಬೋಲ್ಟ್ ತಲೆ ಮುರಿಯೋದು ಈ ಎಂಜಿನ್ ವಂಶದ ಹಳೇ ರೋಗ. ಹಳೇ ಮಫ್ಲರ್ ಇದ್ದಾಗಲೇ ಒಂದು ಬೆಳಿಗ್ಗೆ ಬಾನೆಟ್ ತೆಗೆದು ಕೇಳಿಸ್ಕೊಂಡಿರಿ, ಆಮೇಲೆ ಯಾವುದು ಹೊಸದು ಅಂತ ಗೊಂದಲ ಇರಲ್ಲ.

---

ಮಲ್ನಾಡ್_ಡೀಸೆಲ್

ಇದನ್ನ ಓದಿ ಊರಲ್ಲಿರೋ ವಿ-ಕ್ರಾಸ್, ಹೈಲಕ್ಸ್ ಡೀಸೆಲ್ ಪಿಕಪ್ ಮಾಲೀಕರು ಹುರುಪಿಗೆ ಬೀಳೋ ಮೊದಲು ಒಂದು ಮಾತು. ಟರ್ಬೊ ಡೀಸೆಲ್‌ನಲ್ಲಿ ಟರ್ಬೊನೇ ಅರ್ಧ ಸೈಲೆನ್ಸರ್, ಅದರ ಹಿಂದೆ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್). ಡಬ್ಬಿ ಬದಲಾಯಿಸಿದ್ರೆ ವಿ8 ದನಿ ಬರಲ್ಲ, ಟ್ರಾಕ್ಟರ್ ದನಿ ಬರುತ್ತೆ. ಬಿಎಸ್6 ಗಾಡಿಲಿ ಡಿಪಿಎಫ್ ಕಡಿದ್ರೆ ಪ್ರೆಷರ್ ಸೆನ್ಸರ್, ಟೆಂಪರೇಚರ್ ಸೆನ್ಸರ್ ಕೈಕೊಟ್ಟು ಲಿಂಪ್ ಮೋಡ್ (ಗಾಡಿ ತಾನೇ ಪವರ್ ಕಡಿತ ಮಾಡಿ ಕುಂಟುತ್ತೆ). ಕಾನೂನು ಕೂಡ ಅಲ್ಲಿನ ಥರ ಸಡಿಲ ಅಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಮೂಲ ರಚನೆ ಬದಲಾಯಿಸೋದನ್ನ ತಡೆಯುತ್ತೆ. ಶಬ್ದ, ಹೊಗೆ ಮಿತಿ ಮೀರಿದ್ರೆ ಸೆಕ್ಷನ್ 190(2), 2019ರ ತಿದ್ದುಪಡಿ ಆದ ಮೇಲೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ.

ಕರಾವಳಿ ಕಡೆ ತುಕ್ಕು ಹಿಡಿದು ಹಿಂದಿನ ಪೈಪ್ ಹೋಗಿದ್ರೆ, ಅದೇ ಅಳತೆ, ಅದೇ ದಾರಿಯ ಬದಲಿ ಪೈಪ್ ಹಾಕಿಸಿ. ಬಾಯಿ ಕೆಳಕ್ಕೆ ತಿರುಗಿಸಿ ಬೆಸೆಯೋಕೆ ಬಿಡ್ಬೇಡಿ. ಡಿಪಿಎಫ್ ರೀಜನ್ ಆಗುವಾಗ (ಕೂಡಿದ ಮಸಿ ಸುಡುವಾಗ) ಅದರೊಳಗೆ 600 ಡಿಗ್ರಿ ಹತ್ರ ಬಿಸಿ ಇರುತ್ತೆ. ಬೇಸಿಗೆಲಿ ಒಣಹುಲ್ಲಿನ ಮೇಲೆ ನಿಲ್ಲಿಸಿದ್ರೆ ಬೆಂಕಿ ಹತ್ತೋಕೆ ಅಷ್ಟು ಸಾಕು.

---

ಕೊಲಂಬಸ್_ಕನ್ನಡಿಗ

ಮ್ಯಾಗ್ನೆಟ್ ಹಿಡ್ಕೊಂಡೇ ಬಾಕ್ಸ್ ಬಿಚ್ತೀನಿ. ಅದಕ್ಕೂ ಮೊದಲು ಹಳೇ ಮಫ್ಲರ್ ಇರುವಾಗಲೇ 70ರಲ್ಲಿ ಸ್ಪೆಕ್ಟ್ರಮ್ ತೆಗೆದಿಡ್ತೀನಿ. ಹೊಸದು ಹಾಕಿದ ಮೇಲೆ 51 ಮತ್ತು 103ರ ಗೋಪುರ ಎಷ್ಟೆಷ್ಟು ಏರಿದೆ ಅಂತ ಎರಡೂ ಚಿತ್ರ ಇಲ್ಲೇ ಹಾಕ್ತೀನಿ.