ಹಿತ್ತಲ 'ಮೂಸಂಬಿ' ಸಪ್ಪೆ ಯಾಕೆ?

ಪ್ರಶ್ನೆ (ತಿಪಟೂರಿನ ಸದಸ್ಯೆ): ಸರ್, ಮೂಸಂಬಿ ಅಂತ ನರ್ಸರಿಯಲ್ಲಿ ಕೊಟ್ಟ ಸಸಿ ನಾಲ್ಕು ವರ್ಷಕ್ಕೆ ಹಣ್ಣು ಬಿಟ್ಟಿದೆ. ದಪ್ಪ ನಿಂಬೆಹಣ್ಣಿನ ಹಾಗೆ ತಿಳಿ ಹಳದಿ. ಬಾಯಿಗಿಟ್ಟರೆ ಹುಳಿಯೇ ಇಲ್ಲ, ಸಕ್ಕರೆ ನೀರು ಕುಡಿದ ಹಾಗೆ. ನಮ್ಮತ್ತೆ "ರೋಗಿಷ್ಟ ಮೂಸಂಬಿ" ಅಂತಾರೆ. ಗೊಬ್ಬರ ಕಮ್ಮಿ ಆಯ್ತಾ? ಫೋಟೋ ಹಾಕಿದ್ದೀನಿ.

ಉತ್ತರ (ತೋಟಗಾರಿಕೆ ತಜ್ಞ): ಗೊಬ್ಬರದ ತಪ್ಪಲ್ಲ ಮೇಡಂ, ಗಿಡವೇ ಬೇರೆ. ಫೋಟೋದಲ್ಲಿರುವುದು ಸಿಹಿ ನಿಂಬೆ, ಉತ್ತರ ಭಾರತದವರ ಮೀಠಾ ನಿಂಬು. ಜ್ಯೂಸ್ ಅಂಗಡಿ ಬೋರ್ಡಿನಲ್ಲಿ ಮೂಸಂಬಿಗೆ 'ಸ್ವೀಟ್ ಲೈಮ್' ಅಂತ ಬರೀತಾರಲ್ಲ, ಗೊಂದಲ ಶುರುವಾಗುವುದೇ ಅಲ್ಲಿ. ನಮ್ಮ ಮೂಸಂಬಿ ಕಿತ್ತಳೆಯ ನೆಂಟ, ನಿಂಬೆಯ ಜಾತಿಯದಲ್ಲ. ಅದರ ಸಿಪ್ಪೆ ಮೇಲೆ ಉದ್ದುದ್ದ ಗೆರೆ, ತಳದಲ್ಲಿ ಕಾಸಿನಗಲದ ಉಂಗುರ ಕಾಣುತ್ತೆ. ನಿಮ್ಮದು ನುಣುಪು, ತುದಿ ಸ್ವಲ್ಪ ಉಬ್ಬಿದೆ.

ರುಚಿಯ ಗುಟ್ಟು ಸಕ್ಕರೆಯಲ್ಲಿಲ್ಲ, ಹುಳಿಯಲ್ಲಿದೆ. ನಿಂಬೆ ರಸದಲ್ಲಿ ಸಿಟ್ರಿಕ್ ಆಮ್ಲ ನೂರಕ್ಕೆ 6-7 ಪಾಲು. ಮೂಸಂಬಿಯಲ್ಲಿ ನೂರಕ್ಕೆ ಅರ್ಧ ಪಾಲಿನ ಆಸುಪಾಸು. ಸಿಹಿ ನಿಂಬೆಯಲ್ಲಿ ಅದೂ ಇಲ್ಲ, 0.1ರ ಹತ್ತಿರ. ಸಿಹಿಗೆ ಎದುರಾಳಿಯೇ ಇಲ್ಲದಿದ್ದರೆ ನಾಲಿಗೆಗೆ ಸಪ್ಪೆ. ಒಂದು ಹೋಳಿಗೆ ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆ ಹಿಂಡಿ ತಿಂದು ನೋಡಿ. ಬೇರೆ ಹಣ್ಣೇ ಅನ್ನಿಸುತ್ತೆ.

ಪ್ರಶ್ನೆ (ದಾವಣಗೆರೆ): ಮೂಸಂಬಿ ಜ್ಯೂಸ್ ಮಾಡಿ ಫ್ರಿಜ್ಜಲ್ಲಿಟ್ಟರೆ ಸಂಜೆಗೆ ಕಹಿ. ಹಣ್ಣು ಕೆಟ್ಟಿದ್ದಾ?

ಉತ್ತರ: ಇಲ್ಲ. ತೊಳೆಯ ಪೊರೆ, ಬೀಜಗಳಲ್ಲಿ ರುಚಿಯೇ ಇಲ್ಲದ ಒಂದು ವಸ್ತು ಇರುತ್ತೆ. ಹಿಂಡಿದ ಮೇಲೆ ರಸದ ಹುಳಿ ತಾಗಿ ಅದು ನಿಧಾನವಾಗಿ ಲಿಮೊನಿನ್ ಆಗುತ್ತೆ. ಕಹಿ ಅದರದ್ದು. ಬಿಸಿ ಮಾಡಿದರೆ ಇನ್ನೂ ಬೇಗ. ಮಿಕ್ಸಿಗೆ ಹಾಕಿ ಬೀಜ ಅರೆಯಬೇಡಿ. ಕೈಯಲ್ಲಿ ಹಿಂಡಿ, ಸೋಸಿ, ಆಗಲೇ ಕುಡಿದುಬಿಡಿ.

ಪ್ರಶ್ನೆ (ವಿಜಯಪುರ): ನಮ್ಮ ಇಂಡಿ ಲಿಂಬಿ ಯಾಕ ಬಿಟ್ರಿ ಸರ? ಜಿಐ ಟ್ಯಾಗ್ (ಈ ಊರಿನ ಬೆಳೆ ಅನ್ನೋ ಸರ್ಕಾರಿ ಗುರುತು) ಬಂದೈತಿ ಅದಕ್ಕ.

ಉತ್ತರ: ಬಿಟ್ಟಿಲ್ಲ ಅಣ್ಣಾ, 2023ರಲ್ಲಿ ಬಂತು. ತೆಳು ಸಿಪ್ಪೆಯ ಕಾಗ್ಜಿ ಜಾತಿ ಅದು. ಶರಬತ್ತಿಗೆ, ಉಪ್ಪಿನಕಾಯಿಗೆ ನನ್ನ ಓಟು ಅದಕ್ಕೇ.

ಪ್ರಶ್ನೆ (ಮೈಸೂರು): ಹಾಗಾದರೆ ಸಿಹಿ ನಿಂಬೆ ಚಿತ್ರಾನ್ನಕ್ಕೆ ಆಗುತ್ತಾ?

ಉತ್ತರ: ದಯವಿಟ್ಟು ಬೇಡ! ಮೈಸೂರಿನಲ್ಲಿದ್ದುಕೊಂಡು ಹೇರಳೆಕಾಯಿ ಬಿಟ್ಟು ಇದನ್ನು ಯಾಕೆ ಹುಡುಕ್ತೀರಿ? ಹೇರಳೆಯಲ್ಲಿ ಹುಳಿ ಇದೆ, ಹಿಂದೆಯೇ ಸಣ್ಣ ಕಹಿ, ಸಿಪ್ಪೆಯ ಎಣ್ಣೆಯಲ್ಲಿ ಘಮ. ಒಗ್ಗರಣೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಇಲ್ಲವಾದರೆ ಘಮ ಹಾರಿಹೋಗಿ ಕಹಿಯಷ್ಟೇ ಉಳಿಯುತ್ತೆ.

ತಿಪಟೂರಿನ ಸದಸ್ಯೆ: ಸರ್, ಉಪ್ಪು-ನಿಂಬೆ ಹಾಕಿ ಕೊಟ್ಟೆ. ಅತ್ತೆ ಎರಡು ಹಣ್ಣು ತಿಂದರು. ಹೆಸರು ಮಾತ್ರ ಇನ್ನೂ ರೋಗಿಷ್ಟ ಮೂಸಂಬಿನೇ.