ಪದ ಬೇಕು, ಅರ್ಜೆಂಟ್: ಲಿಂಕರ್‌ನ 'ಲೇಜಿ ಟಿಎಲ್ಎಸ್ ರೆಸಲ್ಯೂಶನ್'ಗೆ ಏನನ್ನೋಣ?

ಹುಬ್ಬಳ್ಳಿಯಿಂದ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಒಂದು ಅಧ್ಯಾಯದ ತಲೆಬರಹಕ್ಕೆ ಪದ ಬೇಕು, ನಾಳೆ ಮಧ್ಯಾಹ್ನದೊಳಗೆ. ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ ಲಿಂಕರ್ (ಪ್ರೋಗ್ರಾಂ, ಲೈಬ್ರರಿಗಳ ತುಣುಕುಗಳನ್ನು ಒಂದಕ್ಕೊಂದು ಸೇರಿಸುವ ಸಾಫ್ಟ್‌ವೇರ್) ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಮಾಡುತ್ತಿದ್ದೇನೆ. ಹಿಂದಿನ ಅಧ್ಯಾಯಗಳೆಲ್ಲ ಪ್ರೆಸ್ ಸೇರಿವೆ. ಥ್ರೆಡ್-ಲೋಕಲ್ ಸ್ಟೋರೇಜ್ ರೆಫರೆನ್ಸ್‌ಗಳನ್ನು ಡೈನಾಮಿಕ್ ಲಿಂಕರ್ ಲೇಜಿಯಾಗಿ ರಿಸಾಲ್ವ್ ಮಾಡುವುದು, ಇದು ವಿಷಯ. ಥ್ರೆಡ್ ಅಂದರೆ ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಸಾಗುವ ಕೆಲಸದ ಎಳೆ, ಥ್ರೆಡ್-ಲೋಕಲ್ ಸ್ಟೋರೇಜ್ (ಟಿಎಲ್ಎಸ್) ಅಂದರೆ ಒಂದೊಂದು ಎಳೆಗೂ ಬೇರೆ ಬೇರೆಯಾಗಿ ಇರುವ ಮೆಮೊರಿ. ಲೇಜಿ ಅಂದರೆ ಬೇಕಾದಾಗ ಮಾತ್ರ, ರಿಸಾಲ್ವ್ ಅಂದರೆ ಹೆಸರಿನಿಂದ ಜಾಗ ಹುಡುಕುವುದು. ಡೈನಾಮಿಕ್ ಲಿಂಕರ್ ಈ ಕೆಲಸವನ್ನು ಪ್ರೋಗ್ರಾಂ ಓಡಿಸುವಾಗ ಮಾಡುತ್ತದೆ. ನಾನು ಬರೆದಿಟ್ಟದ್ದು 'ಎಳೆ-ಸ್ಥಳೀಯ ಸಂಗ್ರಹಣಾ ಉಲ್ಲೇಖಗಳ ಸೋಮಾರಿ ಪರಿಹಾರ'. ಇದನ್ನು ಓದಿದ ಹುಡುಗ ಮುಂದಿನ ಪುಟ ತೆರೆಯುವುದಿಲ್ಲ.

ಸಂದರ್ಭ ಹೇಳಿಬಿಡುತ್ತೇನೆ. ಫಂಕ್ಷನ್ ಕರೆಯಲ್ಲಿ ಲೇಜಿ ಬೈಂಡಿಂಗ್ ಸರಳ. ಮೊದಲ ಸಲ ಕರೆದಾಗ ಪಿಎಲ್‌ಟಿ ಅನ್ನುವ ಪಟ್ಟಿಯ ಕೋಡ್ ತುಣುಕು ಲಿಂಕರ್ ಹತ್ತಿರ ಹೋಗುತ್ತದೆ, ಲಿಂಕರ್ ಆ ಹೆಸರನ್ನು ಹುಡುಕಿ, ಸಿಕ್ಕ ವಿಳಾಸವನ್ನು ಜಿಒಟಿ ಅನ್ನುವ ವಿಳಾಸಗಳ ಪಟ್ಟಿಯಲ್ಲಿ ಬರೆದಿಡುತ್ತದೆ, ಎರಡನೇ ಸಲದಿಂದ ನೇರವಾಗಿ ಅಲ್ಲಿಗೇ ಹೋಗುತ್ತದೆ. ಟಿಎಲ್ಎಸ್ ವೇರಿಯಬಲ್ ಹಾಗಲ್ಲ. ಎರ್‌ನೋ (ಕೊನೆಯ ತಪ್ಪಿನ ಸಂಖ್ಯೆ ಇಡುವ ವೇರಿಯಬಲ್) ತಗೊಳ್ಳಿ, ಒಂದೊಂದು ಥ್ರೆಡ್‌ಗೂ ಅದರದೇ ಬೇರೆ ಪ್ರತಿ ಇರುತ್ತದೆ. ಹಾಗಾಗಿ ಬರೆದಿಡಲು ಒಂದೇ ವಿಳಾಸ ಅನ್ನುವುದೇ ಇಲ್ಲ. ಯಾವ ಲೈಬ್ರರಿಯ ಬ್ಲಾಕ್, ಅದರೊಳಗೆ ಎಷ್ಟು ದೂರ, ಇವೆರಡು ಗೊತ್ತಾಗಬೇಕು. ಟಿಎಲ್ಎಸ್ ಡಿಸ್ಕ್ರಿಪ್ಟರ್ ಪದ್ಧತಿಯಲ್ಲಿ ಒಂದು ಜೋಡಿ ಇರುತ್ತದೆ, ಒಂದು ಫಂಕ್ಷನ್ ಪಾಯಿಂಟರ್, ಒಂದು ಅದಕ್ಕೆ ಕೊಡುವ ಆರ್ಗ್ಯುಮೆಂಟ್. ಲೇಜಿ ಆದರೆ, ಯಾವುದಾದರೂ ಥ್ರೆಡ್ ಮೊದಲು ಆ ವೇರಿಯಬಲ್ ಮುಟ್ಟಿದಾಗ ಮಾತ್ರ ಈ ಜೋಡಿ ತುಂಬುತ್ತದೆ. ಈ 'ಲೇಜಿ'ಗೆ ಮತ್ತು ಈ 'ರಿಸಾಲ್ವ್'ಗೆ ಪದ ಕೊಡಿ.

ಧಾರವಾಡದಿಂದ:

ತಂಗೀ, ಸೋಮಾರಿ ಬೇಡವೇ ಬೇಡ. ಅದು ಬೈಗುಳ. ಯಂತ್ರ ಇಲ್ಲಿ ಏನೂ ಮೈಗಳ್ಳತನ ಮಾಡುತ್ತಿಲ್ಲ, ಬೇಡದ ಕೆಲಸ ಮುಂದೂಡುತ್ತಿದೆ. ಪರಿಹಾರವೂ ಬೇಡ. ಪರಿಹಾರ ಅಂದರೆ ನಮ್ಮ ಕಡೆ ಬೆಳೆ ಪರಿಹಾರ. 'ವಿಲಂಬಿತ ನಿರ್ಣಯ' ಅಂತ ಹಾಕಿ. ಶುದ್ಧವಾಗಿದೆ, ಗಂಭೀರವಾಗಿದೆ.

ಗದಗದಿಂದ:

ಮಾಸ್ತರೇ, ವಿಲಂಬಿತ ಅಂದರೆ ನಿಮ್ಮ ಧಾರವಾಡದಲ್ಲೇ ಯಾರಿಗಾದರೂ ಖ್ಯಾಲ್ ನೆನಪಾಗುತ್ತದೆ. ಅದು ನಿಧಾನ ಲಯ. ಇಲ್ಲಿ ಕೆಲಸ ನಿಧಾನ ಆಗುವುದಿಲ್ಲ, ಶುರುವಾಗುವುದು ಮಾತ್ರ ತಡ. ನಿರ್ಣಯವಂತೂ ಕೋರ್ಟಿನದು.

ಕಿರಾಣಿ ಅಂಗಡಿಯ ಪದ ಇದೆಯಲ್ಲ, ಉದ್ರಿ! 'ಉದ್ರಿ ಜೋಡಣೆ', ಅದರ ಎದುರು 'ನಗದು ಜೋಡಣೆ'. ಎಲ್‌ಡಿ ಬೈಂಡ್ ನೌ ಅಂತ ಎನ್ವಿರಾನ್ಮೆಂಟ್ ವೇರಿಯಬಲ್ ಇಟ್ಟರೆ ಲಿಂಕರ್ ಎಲ್ಲವನ್ನೂ ಶುರುವಿನಲ್ಲೇ ಜೋಡಿಸುತ್ತದೆ ಅಲ್ವಾ, ಅದೇ ನಗದು. ಹತ್ತನೇ ತರಗತಿಯ ಹುಡುಗನಿಗೂ ತಿಳಿಯುತ್ತದೆ.

ಇನ್ನೊಂದು. ಲಿಂಕ್ ಮಾಡುವುದಕ್ಕೆ ಜೋಡಣೆ ಅನ್ನುವ ಸಪ್ಪೆ ಪದ ಯಾಕೆ? ಥ್ರೆಡ್‌ಗೆ ಎಳೆ ಅಂತ ನೇಯ್ಗೆಯಿಂದ ತಗೊಂಡಿದ್ದೀರಿ. ನೇಯ್ಗೆಯಲ್ಲೇ 'ಕೆಚ್ಚುವುದು' ಇದೆ. ಮಗ್ಗದ ಮೇಲೆ ಹಳೆ ಹಾಸು ಮುಗಿಯುತ್ತಾ ಬಂದಾಗ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆ ಹಿಡಿದು ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಒಂದೊಂದು ಹೆಸರನ್ನೂ ಅದರ ಜಾಗಕ್ಕೆ ಸೇರಿಸುವ ಲಿಂಕರ್‌ಗೆ 'ಕೆಚ್ಚುಗ' ಅನ್ನಬಹುದು. ನೇಕಾರರ ಬೆಟಗೇರಿ ಪಕ್ಕದಲ್ಲೇ ಇದ್ದು ಈ ಪದ ಬಿಡಲು ನನಗೆ ಮನಸ್ಸಿಲ್ಲ.

ಧಾರವಾಡದಿಂದ:

ಕೆಚ್ಚು ಅಂದರೆ ಮರದ ಗಟ್ಟಿ ತಿರುಳು, ಎದೆಯ ಧೈರ್ಯ. ಕೆಚ್ಚೆದೆ ಗೊತ್ತಿರುವವರಿಗೆ ಕೆಚ್ಚುಗ ಅಂದರೆ ಪೈಲ್ವಾನ ಅನಿಸುತ್ತದೆ. ಬೇಡ.

ಹಾವೇರಿಯಿಂದ:

ನಗದು ಅರಬ್ಬಿಯದು. ಉದ್ರಿ ಸಂಸ್ಕೃತದ ಉದ್ಧಾರದಿಂದ ಸುತ್ತಿ ಬಂದದ್ದು. ಹೊಸ ಪುಸ್ತಕ, ಹೊಸ ವಿಷಯ, ಆದರೂ ಒಂದೂ ಕನ್ನಡದ ಬೇರಿನ ಪದ ಸಿಗುವುದಿಲ್ಲವೇ? 'ತಡಜೋಡಿಕೆ' ಅನ್ನಿ, ಸಾಕು. ಟಿಎಲ್ಎಸ್‌ಗೆ 'ಎಳೆಯ ಕೂಡಿಡಿಕೆ' ಅನ್ನಿ.

ಗದಗದಿಂದ:

ರೈತ ಅರಬ್ಬಿಯಿಂದ ಬಂತು, ಜಮೀನು ಪಾರ್ಸಿಯಿಂದ. ಹಾವೇರಿಯ ರೈತರ ಜಮೀನನ್ನು ಏನಂತ ಕರೆಯೋಣ ಸರ್? ಈ ಸೀಮೆ 1956ರ ತನಕ ಮುಂಬೈಗೆ ಸೇರಿತ್ತು, ಕಚೇರಿ ಮಾತು ಮರಾಠಿಯಿಂದಲೇ ಇಳಿದು ಬಂತು. ನಮ್ಮ ಅಜ್ಜ ಅಜ್ಜಿ ಅದೇ ಮಾತಾಡಿ ಬದುಕಿದರು. ಅದು ಕನ್ನಡ ಅಲ್ಲ ಅಂದರೆ ನಾವು ಯಾವ ಭಾಷೆಯವರು?

ಹಾವೇರಿಯಿಂದ:

ಒಕ್ಕಲಿಗ ಇದ್ದಾನೆ, ಹೊಲ ಇದೆ. ಹೊಲ ಅನ್ನುವವರು ಇವತ್ತಿಗೂ ಊರ ತುಂಬ ಇದ್ದಾರೆ. ಬಂದ ಪದವನ್ನು ಓಡಿಸಿ ಅಂತ ನಾನು ಹೇಳಲಿಲ್ಲ. ಹೊಸದಾಗಿ ಕಟ್ಟುವಾಗ ಮೊದಲು ಮನೆಯಲ್ಲಿ ಹುಡುಕಿ ಅಂದೆ. ಎರಡಕ್ಕೂ ಫರಕು ಗೊತ್ತಾಗದಿದ್ದರೆ ಚರ್ಚೆ ಸುಮ್ನೆ.

ಗದಗದಿಂದ:

ಫರಕು ಎಲ್ಲಿಯ ಪದ ಸರ್?

ಹುಬ್ಬಳ್ಳಿಯಿಂದ:

ದಯವಿಟ್ಟು ನಿಲ್ಲಿಸಿ, ನನಗೆ ನಾಳೆ ಮಧ್ಯಾಹ್ನವೇ ಗಡುವು. ಉದ್ರಿ ನನಗೂ ಇಷ್ಟ, ಆದರೆ ಒಂದು ಕಡೆ ಕೂಡುವುದಿಲ್ಲ. ಉದ್ರಿ ತಂದವನು ಯಾವತ್ತಾದರೂ ತೀರಿಸಲೇಬೇಕು. ಇಲ್ಲಿ ಆ ವೇರಿಯಬಲ್ ಯಾರೂ ಮುಟ್ಟದಿದ್ದರೆ ಹುಡುಕುವ ಕೆಲಸ ಕೊನೆವರೆಗೂ ಆಗುವುದೇ ಇಲ್ಲ, ಲಾಭ ಇರುವುದೇ ಅದರಲ್ಲಿ. 'ತಡ' ಅಂದರೂ ಇದೇ ತೊಂದರೆ, ಏನೋ ತಪ್ಪಾಗಿ ಹಿಂದೆ ಬಿದ್ದಂತೆ ಕೇಳಿಸುತ್ತದೆ. 'ಎಳೆಯ ಕೂಡಿಡಿಕೆ' ಓದಿದರೆ ಎಳೆಯ ಅನ್ನುವುದು ಎಳೆ ಮಗು, ಎಳೆ ಸೌತೆಕಾಯಿಯ ಎಳೆಯ ಆಗಿಬಿಡುತ್ತದೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ, ಮೊದಲೇ ಹೇಳಬೇಕಿತ್ತು. ಟಿಎಲ್ಎಸ್‌ನಲ್ಲಿ ಎರಡು ಕೆಲಸ ಮುಂದಕ್ಕೆ ಹೋಗುತ್ತವೆ, ಎರಡಕ್ಕೂ ಇಂಗ್ಲಿಷಿನವರು ಲೇಜಿ ಅಂದುಬಿಡುತ್ತಾರೆ. ಒಂದು, ಹೆಸರಿನ ಜಾಡು ಹುಡುಕಿ ಡಿಸ್ಕ್ರಿಪ್ಟರ್ ತುಂಬುವುದು. ಇನ್ನೊಂದು, ಪ್ರೋಗ್ರಾಂ ಓಡುವಾಗ ಡಿಎಲ್‌ಓಪನ್ ಅನ್ನುವ ಕರೆಯಿಂದ ಒಳಗೆ ಬಂದ ಲೈಬ್ರರಿಯ ಬ್ಲಾಕಿಗೆ, ಆ ಥ್ರೆಡ್ ಮೊದಲು ಮುಟ್ಟಿದಾಗಲೇ ಮೆಮೊರಿ ತೆಗೆಯುವುದು. ಎರಡನೆಯದು ಜಿಲಿಬ್ಸಿಯಲ್ಲಿ (ಲಿನಕ್ಸ್‌ನ ಸಿ ಲೈಬ್ರರಿ, ಡೈನಾಮಿಕ್ ಲಿಂಕರ್ ಇದರ ಜೊತೆಗೇ ಬರುತ್ತದೆ) ಈಗಲೂ ನಡೆಯುತ್ತದೆ. ಮೊದಲನೆಯದನ್ನು 64-ಬಿಟ್ ಆರ್ಮ್ ಪ್ರೊಸೆಸರ್‌ಗಳಲ್ಲಿ 2017ರಲ್ಲಿ ಕೈಬಿಟ್ಟರು. ಜೋಡಿಯ ಎರಡು ಭಾಗ ಬೇರೆ ಬೇರೆಯಾಗಿ ಬರೆಯಬೇಕು, ನಡುವೆ ಇನ್ನೊಂದು ಥ್ರೆಡ್ ಬಂದರೆ ಹೊಸ ಫಂಕ್ಷನ್ ಜೊತೆ ಹಳೆ ಆರ್ಗ್ಯುಮೆಂಟ್ ಕಣ್ಣಿಗೆ ಬೀಳಬಹುದು. ಅದನ್ನು ತಡೆಯಬೇಕಾದರೆ ವೇರಿಯಬಲ್ ಮುಟ್ಟಿದ ಪ್ರತಿ ಸಲವೂ ಬ್ಯಾರಿಯರ್ (ಮೆಮೊರಿ ಓದು-ಬರಹದ ಕ್ರಮ ಕಾಯುವ ಸೂಚನೆ) ದಾಟಬೇಕು. ಒಂದು ಸಲದ ಹುಡುಕಾಟ ಉಳಿಸಲು ಹೋಗಿ ಪ್ರತಿ ಸಲ ದಂಡ ಕಟ್ಟಿದ ಹಾಗೆ. ಎಕ್ಸ್86 ಪ್ರೊಸೆಸರ್‌ಗಳಲ್ಲಿ 2021ರಲ್ಲಿ ತೆಗೆದರು. ಅಲ್ಲಿನ ರೇಸ್ (ಥ್ರೆಡ್‌ಗಳು ಒಂದನ್ನೊಂದು ಮೀರಿ ನುಗ್ಗುವ ದೋಷ) ಬೇರೆ, ಡಿಎಲ್‌ಓಪನ್‌ನ ಬೀಗ ಹಿಡಿಯದೆ ಲಿಂಕರ್ ಈ ಕೆಲಸ ಮಾಡುತ್ತಿತ್ತು. ಈಗ ಎರಡರಲ್ಲೂ ಲೈಬ್ರರಿ ಲೋಡ್ ಆಗುವಾಗಲೇ ಜೋಡಿ ತುಂಬುತ್ತದೆ.

ಅಂದರೆ ಒಂದು ಲೇಜಿ ಹೋಗಿದೆ, ಒಂದು ಲೇಜಿ ಉಳಿದಿದೆ. ಎರಡಕ್ಕೂ ಒಂದೇ ಪದ ಇಟ್ಟರೆ ಓದುವ ಹುಡುಗರು ದಾರಿ ತಪ್ಪುತ್ತಾರೆ. ಅದಕ್ಕೇ ನನಗೆ ಲೇಜಿಗಿಂತ ರಿಸಾಲ್ವ್‌ಗೆ ಗಟ್ಟಿ ಪದ ಬೇಕು.

ಧಾರವಾಡದಿಂದ:

ಇದನ್ನು ಮೊದಲೇ ಹೇಳಿದ್ದರೆ ಅರ್ಧ ಜಗಳ ಉಳಿಯುತ್ತಿತ್ತು ತಂಗೀ. ಹಾಗಾದರೆ 'ಪತ್ತೆ ಹಚ್ಚುವುದು'. ಹೆಸರು ಗೊತ್ತು, ಇರುವ ಜಾಗ ಗೊತ್ತಿಲ್ಲ, ಹುಡುಕಿ ತಿಳಿಯುವುದು. ಕಳ್ಳನನ್ನೂ ಪತ್ತೆ ಹಚ್ಚುತ್ತಾರೆ, ಕಳೆದ ಎಮ್ಮೆಯನ್ನೂ ಪತ್ತೆ ಹಚ್ಚುತ್ತಾರೆ. ಹಾವೇರಿಯವರಿಗೂ ಒಪ್ಪಿಗೆ ಆಗಬೇಕು, ಇದು ಹಳಗನ್ನಡದ ಪತ್ತು ಧಾತುವಿನದು. ಪತ್ತು ಅಂದರೆ ಅಂಟು, ಹಿಡಿ. ಜಾಡಿಗೆ ಅಂಟಿಕೊಂಡು ಹೋಗುವುದೇ ಪತ್ತೆ.

ಹಾವೇರಿಯಿಂದ:

ಪತ್ತು ಹತ್ತು ಆಗಿ ಎಷ್ಟೋ ಶತಮಾನ ಆಯಿತು ಮಾಸ್ತರೇ. ಅದೇ ಬೇರಿನದಾಗಿದ್ದರೆ ಇವತ್ತು ಹತ್ತೆ ಅನ್ನುತ್ತಿದ್ದೆವು. ಪಕಾರ ಉಳಿದಿದೆ ಅಂದರೆ ಆಮೇಲೆ ಬಂದದ್ದು. ಹಿಂದಿಯ ಪತಾ, ಮರಾಠಿಯ ಪತ್ತಾ. ಅಲ್ಲಿ ಅದಕ್ಕೆ ವಿಳಾಸ ಅಂತಲೇ ಅರ್ಥ.

ಗದಗದಿಂದ:

ವಿಳಾಸ ಅಂತಲೇ ಅರ್ಥ ಆದರೆ ಇನ್ನೂ ಒಳ್ಳೆಯದಾಯಿತಲ್ಲ! ಲಿಂಕರ್ ಹುಡುಕುವುದೇ ವಿಳಾಸ. ಎರವಲು ಬಂದ ಪದವೇ ಇಲ್ಲಿ ಹೆಚ್ಚು ಸರಿಯಾಗಿ ಕೂಡುತ್ತದೆ. ನಾನು ಉದ್ರಿ ಬಿಟ್ಟೆ. ಕೆಚ್ಚುಗ ಬಿಡುವುದಿಲ್ಲ, ಅದಕ್ಕೆ ಬೇರೆ ಪತ್ರ ಹಾಕುತ್ತೇನೆ.

ಧಾರವಾಡದಿಂದ:

ಧ್ವನಿ ನಿಯಮಕ್ಕೆ ಅಪವಾದಗಳೂ ಇರುತ್ತವೆ. ನಾನು ಒಪ್ಪಲಾರೆ. ಪದ ಮಾತ್ರ ಹಾಕಿಕೊಳ್ಳಿ.

ಹಾವೇರಿಯಿಂದ:

ಲೇಜಿಗೆ 'ಮುಟ್ಟಿದಾಗ' ಅನ್ನಿ. ಎಲ್ಲರ ಬಾಯಲ್ಲಿರುವ ಕನ್ನಡ. ನಿಮ್ಮ ಮೊದಲ ಪತ್ರದಲ್ಲೇ ಇತ್ತು, ಯಾರೂ ನೋಡಲಿಲ್ಲ. ಥ್ರೆಡ್-ಲೋಕಲ್‌ಗೆ ಸ್ಥಳೀಯ ಬೇಡ, ಅದು ಊರಿಗೆ ಸಂಬಂಧಿಸಿದ್ದು. 'ಎಳೆಗೊಂದು ಜಾಗ'.

ಹುಬ್ಬಳ್ಳಿಯಿಂದ:

ಪ್ರೆಸ್‌ಗೆ ಕಳಿಸಿದೆ. ಅಧ್ಯಾಯದ ಹೆಸರು 'ಎಳೆಗೊಂದು ಜಾಗ: ಮುಟ್ಟಿದಾಗ ಪತ್ತೆ'. ಒಳಗೆ ಎರಡನ್ನೂ ಬೇರೆ ಮಾಡಿದ್ದೇನೆ. ಡಿಸ್ಕ್ರಿಪ್ಟರ್ ತುಂಬುವುದು 'ಮುಟ್ಟಿದಾಗ ಪತ್ತೆ', ಬ್ಲಾಕಿಗೆ ಮೆಮೊರಿ ತೆಗೆಯುವುದು 'ಮುಟ್ಟಿದಾಗ ಜಾಗ'. ಲೋಡ್ ಆಗುವಾಗಲೇ ಮಾಡಿದರೆ 'ಮೊದಲೇ ಪತ್ತೆ'. ಲಿಂಕರ್, ಡಿಸ್ಕ್ರಿಪ್ಟರ್, ಜಿಒಟಿ ಹಾಗೇ ಇವೆ, ಹುಡುಗರು ಕೋಡ್ ತೆರೆದಾಗ ಕಾಣುವುದು ಆ ಹೆಸರುಗಳೇ. ಮುಂದಿನ ಅಧ್ಯಾಯ ರಿಲೊಕೇಶನ್. 'ಸ್ಥಳಾಂತರ' ಬೇಡ, ಅಲ್ಲಿ ಯಾವುದೂ ಜಾಗ ಬಿಟ್ಟು ಹೋಗುವುದಿಲ್ಲ, ಖಾಲಿ ಬಿಟ್ಟ ವಿಳಾಸ ತುಂಬುತ್ತಾರೆ ಅಷ್ಟೇ. ಸೋಮವಾರದೊಳಗೆ ಪದ ತಿಳಿಸಿ.