ಸಹಾಯ ಬೇಕು: ಆಗ ಥಿಯೇಟರ್‌ನಲ್ಲಿ ನಾಗರಹಾವು ನೋಡಿದವ್ರು ಯಾರಾದ್ರೂ ಇದೀರಾ?

ಎಲ್ರಿಗೂ ನಮಸ್ಕಾರ ರೀ, ನಂದು ದಾವಣಗೆರೆ, ಡಿಗ್ರಿ ಸೆಕೆಂಡ್ ಇಯರ್. ಸಿನಿಮಾ ಮತ್ತು ಜನಜೀವನ ಅಂತ ಒಂದು ಪ್ರಾಜೆಕ್ಟ್ ಕೊಟ್ಟಾರೆ, ಕ್ಲಾಸ್‌ನವ್ರೆಲ್ಲ ಕೆಜಿಎಫ್, ರೀಲ್ಸ್ ಅಂತ ಹೊರಟ್ರು, ನಾನೊಬ್ಬ ದೊಡ್ಡ ಬುದ್ಧಿವಂತನ ತರ 1972ರ ನಾಗರಹಾವು ತಗೊಂಡು ಈಗ ಒದ್ದಾಡ್ತಿದೀನಿ.

ಆಗಿದ್ದೇನಪ್ಪಾ ಅಂದ್ರೆ, ಹೋದ ಭಾನುವಾರ ಫ್ರೆಂಡ್ಸ್ ಜೊತೆ ಚಿತ್ರದುರ್ಗದ ಕೋಟೆಗೆ ಹೋಗಿದ್ವಿ, ಓಬವ್ವನ ಕಿಂಡಿ ಹತ್ರ ನಿಂತ್ರೆ ಎಲ್ರ ಕಣ್ಮುಂದೆ ಬಂದಿದ್ದು ಈ ಸಿನಿಮಾದಲ್ಲಿ ಓಬವ್ವ ಆಗಿ ಒನಕೆ ಹಿಡಿದ ಜಯಂತಿ ಅವ್ರೇ, ಪಾಠದ ಪುಸ್ತಕದ ಓಬವ್ವ ಅಲ್ವೇ ಅಲ್ಲ! ನಮ್ಮಪ್ಪನೇ ಆವಾಗ ಹುಟ್ಟಿರ್ಲಿಲ್ಲ, ಆದ್ರೂ ಡೈರೆಕ್ಟರ್ ಪುಟ್ಟಣ್ಣ ಕಣಗಾಲ್ ತೋರಿಸಿದ್ದೇ ನಮಗೆ ಇತಿಹಾಸ ಆಗಿ ಕೂತೈತೆ. ಇಡೀ ಸಿನಿಮಾದಲ್ಲಿ ಅದು ಒಂದು ಹಾಡಿನಷ್ಟೇ ಬರೋದು, ಕಥೆ ನಿಜವಾಗ್ಲೂ ವಿಷ್ಣುವರ್ಧನ್ ಅವ್ರ ರಾಮಾಚಾರಿದು.

ನಮ್ಮಜ್ಜಿನ ಕೇಳಿದೆ, ಅವ್ರಿಗೆ ಸಿನಿಮಾ ಮುಗಿದ್ಮೇಲೆ ತಿಂದ ಮಂಡಕ್ಕಿ ಮಿರ್ಚಿ ಬಿಟ್ರೆ ಬೇರೇನೂ ನೆನಪಿಲ್ಲ.

ಅದಕ್ಕೆ ನಿಮ್ಮನೇಲಿ ಅಜ್ಜ, ಅಜ್ಜಿ, ದೊಡ್ಡಪ್ಪ ಯಾರಾದ್ರೂ ಆಗ ನೋಡಿದ್ರೆ ಒಂದು ವಾಯ್ಸ್ ನೋಟ್ ಕಳ್ಸಿ ಪ್ಲೀಸ್, ಯಾವ ಟಾಕೀಸು, ಟಿಕೆಟ್ ಎಷ್ಟು, ಓಬವ್ವ ಬಂದಾಗ ಜನ ಏನ್ಮಾಡಿದ್ರು ಅಷ್ಟೇ. ದುರ್ಗದವ್ರು ಶೂಟಿಂಗೇ ನೋಡಿದ್ರಂತೂ ಬಸ್ ಹತ್ತಿ ನಾನೇ ಬರ್ತೀನಿ. ಮುಂದಿನ ಶುಕ್ರವಾರ ಸಬ್‌ಮಿಟ್ ಮಾಡ್ಬೇಕು. ಹೆಲ್ಪ್ ಮಾಡಿದವ್ರಿಗೆ ಬೆಣ್ಣೆದೋಸೆ ನನ್ ಕಡೆಯಿಂದ, ಒಂದೇ ಸೆಟ್ಟು ಮತ್ತೆ, ಪಾಕೆಟ್ ಮನಿ ಅಷ್ಟೇ ಐತೆ.